ಹ್ಯಾಲೋವೀನ್ ಮಿಠಾಯಿ ಕೈಗೆಲಸ: ಶನಿವಾರ ಸಂಜೆ 4ಕ್ಕೆ ಬನ್ನಿ

ಎಲ್ಲರಿಗೂ ನಮಸ್ಕಾರ. ಮಕ್ಕಳು ವೇಷ ಹಾಕಿ ಮನೆಮನೆಗೆ ಹೋಗಿ ಮಿಠಾಯಿ ಕೇಳುವ ಹ್ಯಾಲೋವೀನ್ ಹಬ್ಬ, ಅಕ್ಟೋಬರ್ 31, ಹತ್ತಿರ ಬಂತು. ಈ ಶನಿವಾರ ಸಂಜೆ 4ಕ್ಕೆ ಮಕ್ಕಳನ್ನು ನಮ್ಮ ಮನೆಗೆ ಕರೆತನ್ನಿ. ಅಮೆರಿಕಕ್ಕೆ ಬಂದ ಮೊದಲ ವರ್ಷವೇ ನನ್ನ ಮಗಳು ಮನಸೋತದ್ದು ಲಾಲಿಪಾಪ್ ದೆವ್ವಕ್ಕೆ. ಲಾಲಿಪಾಪ್ ಮೇಲೆ ಬಿಳಿ ಟಿಶ್ಯೂ ಹೊದಿಸಿ, ಕತ್ತಿನ ಬಳಿ ದಾರ ಕಟ್ಟಿ, ಕಪ್ಪು ಪೆನ್ನಿನಿಂದ ಎರಡು ಕಣ್ಣು ಬರೆದರೆ ದೆವ್ವ ಸಿದ್ಧ. ಓರಿಯೋ ಬಿಸ್ಕತ್ತಿನ ಕ್ರೀಮಿಗೆ ಎಂಟು ಪ್ರೆಟ್ಜೆಲ್ ಕಡ್ಡಿ (ಗರಿಗರಿ ಉಪ್ಪು ತಿಂಡಿ) ಸಿಕ್ಕಿಸಿ ಜೇಡವನ್ನೂ ಮಾಡೋಣ. ಕಡ್ಡಿ ತೆಳ್ಳಗಿರಲಿ, ದಪ್ಪವಾದರೆ ಬಿಸ್ಕತ್ತು ಒಡೆಯುತ್ತದೆ.

ಸಸ್ಯಾಹಾರಿ ಮನೆಯವರು ದಯವಿಟ್ಟು ಗಮನಿಸಿ: ಮಾರ್ಷ್‌ಮ್ಯಾಲೋ (ಮೆತ್ತನೆಯ ಸಕ್ಕರೆ ಮಿಠಾಯಿ), ಗಮ್ಮಿ ಹುಳು (ಹುಳುವಿನ ಆಕಾರದ ಜಗಿಯುವ ಮಿಠಾಯಿ), ಕ್ಯಾಂಡಿ ಕಾರ್ನ್ (ಜೋಳದ ಕಾಳಿನ ಆಕಾರದ ಮಿಠಾಯಿ) ಇವುಗಳಲ್ಲಿ ಸಾಮಾನ್ಯವಾಗಿ ಜೆಲಾಟಿನ್ ಇರುತ್ತದೆ. ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದದ್ದು. ಪೊಟ್ಟಣದ ಹಿಂಬದಿ ಓದಿಯೇ ಕೊಳ್ಳಿ. ಕ್ಯಾಂಡಿ ಕಾರ್ನ್ ಅನ್ನು ಗಾಜಿನ ಬಾಟಲಿಗೆ ತುಂಬಿ ಮೇಜಿನ ಅಲಂಕಾರಕ್ಕಷ್ಟೇ ಇಡುತ್ತೇನೆ. ಅದರ ಬಿಳಿ, ಕಿತ್ತಳೆ, ಹಳದಿ ಬಣ್ಣ ಬಹಳ ಚೆಂದ.

ನಮ್ಮಲ್ಲಿ ಇಬ್ಬರು ಮಕ್ಕಳಿಗೆ ಕಡಲೆಕಾಯಿ ಅಲರ್ಜಿ ಇದೆ. ಕಡಲೆಕಾಯಿ ಬೆಣ್ಣೆಯ ಚಾಕೊಲೇಟ್ ಖಂಡಿತ ಬೇಡ. ಆ ಮಕ್ಕಳಿಗಾಗಿ ಬಾಗಿಲಲ್ಲಿ ಹಸಿರುನೀಲಿ ಬಣ್ಣದ ಕುಂಬಳಕಾಯಿ (ತಿಂಡಿಯಲ್ಲದ ಉಡುಗೊರೆಯೂ ಇದೆ ಎಂಬ ಗುರುತು) ಇಟ್ಟು, ಪೆನ್ಸಿಲ್, ಸ್ಟಿಕರ್ ಕೊಡುತ್ತೇನೆ. ಎಷ್ಟು ಮಕ್ಕಳು ಬರುತ್ತಾರೆಂದು ಗುರುವಾರದೊಳಗೆ ಇಲ್ಲಿಯೇ ತಿಳಿಸಿ.