ಐದು ಗಂಟೆ ಕಾಯಿಸಿ ಒಂದು ಲೋಟ ಕಾಫಿಯೂ ಇಲ್ವಾ?

ಮಾನ್ಯರೇ,

ಪುಣೆಯಲ್ಲಿರುವ ಮಗಳ ಮನೆಗೆ ಹೊರಟಿದ್ದೆವು. ಹಾಸನದಲ್ಲಿ ರಾತ್ರಿ ಹನ್ನೊಂದರ ಬಸ್ಸು ಹತ್ತಿ, ಬೆಂಗಳೂರು ಮುಟ್ಟಿ, ಇನ್ನೊಂದು ಬಸ್ಸಿನಲ್ಲಿ ದೇವನಹಳ್ಳಿ ಸೇರುವಾಗ ಬೆಳಗಿನ ಜಾವ ಐದು. ಏಳರ ವಿಮಾನ ಹೊರಟಿದ್ದು ಹನ್ನೆರಡಕ್ಕೆ. ಆಕಾಶದಲ್ಲಿ ಇದ್ದದ್ದು ಒಂದೂವರೆ ಗಂಟೆ ಅಷ್ಟೆ!

ಕೌಂಟರಿನ ಹುಡುಗಿಯನ್ನು ಕೇಳಿದರೆ 'ತಾಂತ್ರಿಕ ಕಾರಣ' ಎಂದಳು. ಪಾಪ, ಅವಳಿಗೂ ಅಷ್ಟೇ ಗೊತ್ತಿತ್ತೇನೋ. ಇಷ್ಟು ದೂರದ ವಿಮಾನ 2 ಗಂಟೆ ತಡವಾದರೆ ಕಂಪನಿಯೇ ತಿಂಡಿ ಕೊಡಬೇಕು ಅನ್ನುವುದು ವಿಮಾನಯಾನದ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮ. ನಮಗೆ ಗೊತ್ತಾಗಿದ್ದು ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗ ಮೊಬೈಲಿನಲ್ಲಿ ತೋರಿಸಿದ ಮೇಲೆ. ಅಷ್ಟರಲ್ಲಿ ನನ್ನ ಹೆಂಡತಿ ಮಗಳಿಗೆಂದು ತಂದಿದ್ದ ಚಕ್ಕುಲಿ ಡಬ್ಬ ಅರ್ಧ ಖಾಲಿ. ಮಿಡಿ ಉಪ್ಪಿನಕಾಯಿ ತಪಾಸಣೆಯಲ್ಲೇ ಹೋಗಿತ್ತು. ಕೈಚೀಲದಲ್ಲಿ ಒಯ್ಯುವ ಹಾಗಿಲ್ಲವಂತೆ.

ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದಾಗಲೂ ವಿಮಾನದಲ್ಲಿ ಊಟ ಪುಕ್ಕಟೆ ಇರಲಿಲ್ಲ, ನಿಜ. ಆದರೆ ಆಗ ಕೆಲವರಿಗೆ ಒಂದು ರೂಪಾಯಿಗೂ ಟಿಕೆಟ್ ಸಿಕ್ಕಿತ್ತು! ಈಗ ಕಿಟಕಿ ಸೀಟಿಗೆ ಬೇರೆ ದುಡ್ಡು, ಬ್ಯಾಗು ಸ್ವಲ್ಪ ಜಾಸ್ತಿ ತೂಗಿದರೆ ಮತ್ತೆ ದುಡ್ಡು. ತಡ ಮಾಡಿದ್ದಕ್ಕೆ ಮಾತ್ರ ಲೆಕ್ಕವೇ ಇಲ್ಲ, ಅಲ್ವಾ?

ನಮ್ಮ ಹಾಸನದ ಬೂವನಹಳ್ಳಿಯ ವಿಮಾನ ನಿಲ್ದಾಣ ಆದಾಗ ಆಗಲಿ. ಅಲ್ಲಿಯವರೆಗೆ ಪ್ರಯಾಣಿಕರಿಗೆ ಏನೇನು ಸಿಗಬೇಕು ಅನ್ನುವುದನ್ನು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆದು ಪ್ರತಿ ಕೌಂಟರಿನ ಮುಂದೆ ತೂಗುಹಾಕಲಿ.

– ಓರ್ವ ಓದುಗ, ಹಾಸನ