ಮುಖ ನೆನಪಿಲ್ಲದ ಡಾಕ್ಟರಿಗೆ

ನಿನ್ನೆ ಸಂಜೆ ಮಲ್ಪೆ ಬೀಚಿನಲ್ಲಿ ಒಂದು ಗಂಟೆ ನಡೆದೆ. ಎಲ್ಲೂ ಕೂರಲಿಲ್ಲ. ಗಡ್ಡೆ ಇದ್ದ ಬಲ ಶ್ವಾಸಕೋಶದ ಕೆಳಗಿನ ಹಾಲೆ, ಅಂದರೆ ಅದರ ಒಂದು ಭಾಗ, ತೆಗೆಸಿ ನಿನ್ನೆಗೆ ಸರಿಯಾಗಿ ಮೂರು ತಿಂಗಳು. ಬಲಕ್ಕೆ ಮೂರು ಹಾಲೆ, ಎಡಕ್ಕೆ ಎರಡೇ ಅಂತ ನನಗೆ ಗೊತ್ತಾದದ್ದೂ ಆಗಲೇ.

ಸರ್ಜನ್‌ಗೆ ಎಲ್ಲರೂ ಕೈ ಮುಗಿಯುತ್ತಾರೆ, ನಾನೂ ಮುಗಿದೆ. ಈ ನಾಲ್ಕು ಮಾತು ಅರಿವಳಿಕೆ ಡಾಕ್ಟರಿಗೆ. ಇಂಜೆಕ್ಷನ್ ಚುಚ್ಚಿ ನಿದ್ದೆ ಬರಿಸಿ ಹೋಗುವವರು, ಅಷ್ಟೇ ಅಲ್ವಾ ಅಂದುಕೊಂಡಿದ್ದೆ.

ಹಿಂದಿನ ದಿನ ಅವರು ಮಂಚದ ಪಕ್ಕ ಕೂತು ಚೀಟಿಯ ಮೇಲೆ ಚಿತ್ರ ಬಿಡಿಸಿದರು. ಗಂಟಲಲ್ಲಿ ಇಳಿಯುವ ಕೊಳವೆ ಒಂದೇ, ಒಳಗೆ ದಾರಿ ಎರಡು. ಒಂದು ಎಡ ಶ್ವಾಸಕೋಶಕ್ಕೆ, ಇನ್ನೊಂದು ಬಲಕ್ಕೆ. ಕತ್ತರಿ ಆಡುವಾಗ ಬಲದ್ದಕ್ಕೆ ಗಾಳಿ ಬಂದ್. ಅದು ಬಲೂನಿನ ಹಾಗೆ ಮುದುಡಿಕೊಳ್ಳುತ್ತದೆ. ಅಷ್ಟೂ ಹೊತ್ತು ಎಡದ್ದೊಂದರಲ್ಲೇ ಉಸಿರು. ಕೊಳವೆ ಸ್ವಲ್ಪ ಜರುಗಿದರೂ ಆಕ್ಸಿಜನ್ ಇಳಿಯಬಹುದಂತೆ. ಅದಕ್ಕೇ ಸಣ್ಣ ಕ್ಯಾಮೆರಾ ಬಿಟ್ಟು ನೋಡುತ್ತಾರೆ, ಮಗ್ಗುಲಿಗೆ ತಿರುಗಿಸಿ ಮಲಗಿಸಿದ ಮೇಲೆ ಮತ್ತೊಮ್ಮೆ. "ನಾನು ಅಲ್ಲಿಂದ ಅಲುಗುವುದಿಲ್ಲ" ಎಂದರು.

ಬೀಡಿ ಬಿಟ್ಟು ಎಷ್ಟು ದಿನ ಆಯಿತು ಎಂದೂ ಕೇಳಿದರು. ಐದು ವಾರ ಎಂದೆ. ನಡುವೆ ಎರಡು ಸೇದಿದ್ದೆ ಡಾಕ್ಟ್ರೇ, ಕ್ಷಮಿಸಿ.

ಎಚ್ಚರವಾದಾಗ ಬೆನ್ನಿನಲ್ಲಿ ಕೂದಲಿನಷ್ಟು ಸಣ್ಣ ನಳಿಗೆ ಇತ್ತು. ನೋವಿನ ಮದ್ದು ಅದರಲ್ಲೇ. ನೋವಿದ್ದರೆ ಮನುಷ್ಯ ಕೆಮ್ಮುವುದಿಲ್ಲ. ಕೆಮ್ಮದಿದ್ದರೆ ಕಫ ಕಟ್ಟಿ ನ್ಯುಮೋನಿಯಾ. ಅಂದರೆ ಮದ್ದು ಕೊಡುವುದೇ ಕೆಮ್ಮಿಸುವುದಕ್ಕೆ! ಫಿಸಿಯೋ ಹುಡುಗಿ ಎದೆಗೆ ದಿಂಬು ಒತ್ತಿ ಹಿಡಿಸಿ "ಇನ್ನೂ ಜೋರು ಅಣ್ಣ" ಎನ್ನುತ್ತಿದ್ದಳು. ಆಗ ಸಿಟ್ಟು ಬರುತ್ತಿತ್ತು. ಉಸಿರಿನ ವ್ಯಾಯಾಮಕ್ಕೆ ಮೂರು ಚೆಂಡಿನ ಡಬ್ಬಿ ಕೊಟ್ಟಾಗ ನಾನು ಜೋರಾಗಿ ಊದಿದೆ, ವಾರ್ಡಿನವರೆಲ್ಲ ನಕ್ಕರು. ಅದನ್ನು ಎಳೆಯಬೇಕಂತೆ. ಮೊದಲ ದಿನ ಒಂದೇ ಚೆಂಡು, ಅದೂ ಅರ್ಧಕ್ಕೆ ಎದ್ದು ಬಿತ್ತು.

ಎದೆಯೊಳಗೆ ಉಳಿದ ಗಾಳಿ, ನೀರು ಹೊರಗೆ ಬರಲೆಂದು ಪಕ್ಕೆಯಲ್ಲಿ ಹಾಕಿದ್ದ ಟ್ಯೂಬಿನ ತುದಿಗೆ ನೀರಿನ ಬಾಟಲಿ. ಕೆಮ್ಮಿದರೆ ಗುಳುಗುಳು ಗುಳ್ಳೆ. ಮರುದಿನವೇ ಎಬ್ಬಿಸಿ ನಡೆಸಿದರು. ಬಾಟಲಿ ಎದೆಗಿಂತ ಕೆಳಗೇ ಇರಬೇಕು ಅಂತ ನನ್ನ ಹೆಂಡತಿ ಅದನ್ನು ಮೀನಿನ ತೊಟ್ಟೆಯ ಹಾಗೆ ತೂಗಾಡಿಸಿಕೊಂಡು ಜತೆಗೆ ಬಂದಳು. ಅವಳಿಗೆ ಇಲ್ಲಿ ಥ್ಯಾಂಕ್ಸ್ ಹೇಳಿದರೆ ಬೈಯುತ್ತಾಳೆ. ಗುಳ್ಳೆ ನಿಂತಿತು, ಐದನೇ ದಿನ ಟ್ಯೂಬು ತೆಗೆದರು.

ಡಾಕ್ಟ್ರೇ, ಮಾಸ್ಕಿನ ಮೇಲಿನ ಎರಡು ಕಣ್ಣು, ತುಳುವಿನಲ್ಲಿ ಹೆಸರು ಹಿಡಿದು ಎಬ್ಬಿಸಿದ ದನಿ, ನನಗೆ ನೆನಪಿರುವುದು ಇಷ್ಟೇ. ಮುಂದಿನ ಸಲ ತೋರಿಸಲು ಬರುವಾಗ ನಾಲ್ಕು ಮಟ್ಟುಗುಳ್ಳ ಬದನೆ ತರುತ್ತೇನೆ. ಥಿಯೇಟರ್ ಬಾಗಿಲಲ್ಲಿ ನಿಂತಿರುತ್ತೇನೆ, ನೀವೇ ಗುರುತು ಹಿಡಿಯಬೇಕು.