ಮಗಳಿಗೊಂದು ಪತ್ರ: ಕುದುರೆಮುಖ ಹತ್ತುವ ಮೊದಲು

ಅಂಬಲಪಾಡಿ, ಉಡುಪಿ
ಗುರುವಾರ ರಾತ್ರಿ

ಪ್ರೀತಿಯ ಮಗಳೇ,

ಬಸ್ಸಿನ ಟಿಕೆಟ್ ಆಯಿತು, ಅರಣ್ಯ ಇಲಾಖೆಯ ಪರವಾನಗಿ ಆಯಿತು, ಮುಂದಿನ ಶನಿವಾರ ಕುದುರೆಮುಖ ಹತ್ತಿ ಇಳಿದು ರಾತ್ರಿ ಸಂಸೆ ಹತ್ತಿರದ ತೋಟದಲ್ಲಿ ಟೆಂಟ್ ಹಾಕುವುದು ಅಂತ ನೀನು ನಿನ್ನೆ ಫೋನಿನಲ್ಲಿ ಹೇಳಿದೆ. ಕೇಳಿ ಖುಷಿಯಾಯಿತು. ಆದರೆ ಫೋನ್ ಇಡುವ ಮೊದಲು ಇನ್ನೊಂದು ಮಾತು ಹೇಳಿದೆ, "ಆಫೀಸಿನ ಹೊಸ ಹುಡುಗಿಯೂ ಬರ್ತಾಳಂತೆ ಅಮ್ಮ. ಅವಳಿಗೆ ಗುಡ್ಡ ಹತ್ತಿ ಗೊತ್ತೇ ಇಲ್ಲ. ಅವಳೊಬ್ಬಳಿಂದ ನಮಗೆಲ್ಲ ಲೇಟು." ಆ ಮಾತು ನನ್ನನ್ನು ಮಲಗಲು ಬಿಡಲಿಲ್ಲ. ಒಂದು ಕಾಲದಲ್ಲಿ ಆ ಹುಡುಗಿ ನಾನೇ ಆಗಿದ್ದೆ. ಇದನ್ನು ನಿನಗೆ ಇದುವರೆಗೆ ಹೇಳಿಲ್ಲ.

1997ರ ದಸರಾ ರಜೆ. ಕಾಲೇಜಿನ ಒಂಬತ್ತು ಮಂದಿ ಕುಕ್ಕೆಯಿಂದ ಕುಮಾರ ಪರ್ವತಕ್ಕೆ ಹೊರಟಿದ್ದೆವು. ಗಿರಿಗದ್ದೆಯಲ್ಲಿ ರಾತ್ರಿ ಕಳೆದು ಬೆಳಿಗ್ಗೆ ಮೇಲೆ ಹತ್ತಿದೆವು. ಕಲ್ಲುಮಂಟಪ ದಾಟಿ ಸ್ವಲ್ಪ ಹೋಗುವಷ್ಟರಲ್ಲಿ ನನ್ನ ಚಪ್ಪಲಿಯ ಬಾರು ಕಿತ್ತುಬಂತು. "ನೀನು ನಿಧಾನ ಬಾ, ನಾವು ಮೇಲೆ ಕಾಯ್ತೇವೆ" ಅಂದರು. ನಾನು ಬಾರಿಗೆ ದಾರ ಕಟ್ಟಿ ತಲೆ ಎತ್ತುವಾಗ ಮಂಜು ಬಂದಿತ್ತು. ನಾಲ್ಕು ಹೆಜ್ಜೆ ಆಚೆ ಏನೂ ಕಾಣುವುದಿಲ್ಲ. ಹುಲ್ಲುಗಾವಲಿನಲ್ಲಿ ಕಾಡುಕೋಣ ಓಡಾಡಿದ ಜಾಡೂ ಜನ ನಡೆದ ಜಾಡೂ ಒಂದೇ ಥರ ಇರುತ್ತದೆ ಮಗಳೇ. ಯಾವುದು ಹಿಡಿಯಲಿ? ಅಷ್ಟರಲ್ಲಿ ಮಳೆ, ಗಾಳಿ. ಮೈಮೇಲೆ ಇದ್ದದ್ದು ಹತ್ತಿಯ ಚೂಡಿದಾರ, ಅದು ಒದ್ದೆಯಾಗಿ ಮೈಗೆ ಅಂಟಿ ಚಳಿ ಹಿಡಿಯಿತು. ಚೀಲದ ಜಿಪ್ ಎಳೆಯಲು ಬೆರಳು ಬಗ್ಗಲಿಲ್ಲ. ಅರ್ಧ ಗಂಟೆ ಕೂಗಿದ್ದಕ್ಕೆ ಗಂಟಲು ಕಟ್ಟಿಹೋಯಿತು.

ಕೆಳಗೆಲ್ಲೋ ನೀರು ಹರಿಯುವ ಸದ್ದು ಕೇಳುತ್ತಿತ್ತು. ತೋಡು ಹಿಡಿದು ಇಳಿದರೆ ಊರು ಸಿಗುತ್ತದೆ ಅಂತ ಯಾರೋ ಹೇಳಿದ್ದು ನೆನಪಾಗಿ ಎದ್ದು ನಿಂತೆ. ಕಾಲು ನಡುಗುತ್ತಿತ್ತು, ಹೆದರಿ ಮತ್ತೆ ಕುಳಿತೆ. ಆ ಹೆದರಿಕೆಯೇ ಉಳಿಸಿತು ಅಂತ ಆಮೇಲೆ ಗೊತ್ತಾಯಿತು. ಘಟ್ಟದಲ್ಲಿ ತೋಡು ಇಳಿಯುವುದು ಊರಿಗಲ್ಲ, ಎಷ್ಟೋ ಕಡೆ ನೆಟ್ಟಗೆ ಜಲಪಾತದ ತಲೆಗೆ. ಸುಮಾರು ಎರಡು ಗಂಟೆ ಬಂಡೆಗೆ ಒರಗಿ ಕುಳಿತಿದ್ದೆ. ಅವರು ತುದಿ ಮುಟ್ಟಿ, ಫೋಟೊ ತೆಗೆದು, ವಾಪಸ್ ಇಳಿಯುವಾಗ ನಾನು ಸಿಕ್ಕಿದೆ. ಯಾರೂ ಕೆಟ್ಟವರಲ್ಲ. ಮುಂದೆ ಇದ್ದವರು ನಾನು ಹಿಂದಿನವರ ಜೊತೆ ಇದ್ದೇನೆ ಅಂದುಕೊಂಡರು, ಹಿಂದೆ ಇದ್ದವರು ಮುಂದೆ ಹೋಗಿದ್ದೇನೆ ಅಂದುಕೊಂಡರು. ತಲೆ ಎಣಿಸಿದವರು ಒಬ್ಬರೂ ಇಲ್ಲ.

ಆದ್ದರಿಂದ ಆ ಹುಡುಗಿಯನ್ನು ಹಿಂದೆ ಬಿಡಬೇಡ. ಗೈಡ್ ಹಿಂದೆಯೇ ಅವಳು ನಡೆಯಲಿ, ಅವಳ ನಡಿಗೆಯೇ ನಿಮ್ಮೆಲ್ಲರ ನಡಿಗೆಯಾಗಲಿ. ಕೊನೆಯಲ್ಲಿ ಗಟ್ಟಿಗರೊಬ್ಬರು ಇರಬೇಕು, ಅದು ನೀನೇ ಆಗು. ದಾರಿ ಕವಲೊಡೆಯುವಲ್ಲಿ, ತೋಡು ದಾಟುವಲ್ಲಿ ನಿಂತು ತಲೆ ಎಣಿಸಿ. ಹೋಗಿ ಬರಲು ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ನಡೆಯಬೇಕು, ಕತ್ತಲಾಗುವ ಮೊದಲು, ಹತ್ತಲು ಶುರುಮಾಡುವ ಮುಳ್ಳೋಡಿಗೆ ಇಳಿದಿರಬೇಕು. ಇಷ್ಟು ಗಂಟೆಗೆ ಎಲ್ಲಿದ್ದರೂ ತಿರುಗುವುದು ಅಂತ ಗೈಡ್ ಹತ್ತಿರ ಕೇಳಿ ಬೆಳಿಗ್ಗೆಯೇ ನಿಶ್ಚಯಿಸಿ. ಆ ಹೊತ್ತಿಗೆ ತುದಿ ಕಣ್ಣೆದುರೇ ಇದ್ದರೂ ತಿರುಗಿ ಬನ್ನಿ. 1,894 ಮೀಟರಿನ ಆ ತುದಿ ಮುಂದಿನ ವರ್ಷವೂ ಅಲ್ಲೇ ಇರುತ್ತದೆ.

ನವೆಂಬರಿನಲ್ಲೂ ಮಧ್ಯಾಹ್ನದ ಮೇಲೆ ಗುಡುಗು ಬರುವುದುಂಟು. ಬೋಳು ದಿಬ್ಬದ ಮೇಲೆ ನಿಲ್ಲಬೇಡಿ, ಎಲ್ಲರೂ ದಣಿವಾರಿಸಿಕೊಳ್ಳುವ ಆ ಒಂಟಿಮರದ ಬುಡದಲ್ಲಂತೂ ಬೇಡವೇ ಬೇಡ. ತೋಡಿನ ನೀರು ಕೆಂಪಾಗಿ ತರಗೆಲೆ ತೇಲಿಬಂದರೆ ಮೇಲೆ ಮಳೆಯಾಗಿದೆ ಅಂತ ಅರ್ಥ. ದಾಟಬೇಡಿ, ಕಾಯಿರಿ, ಏರಿದ ಹಾಗೆಯೇ ಇಳಿಯುತ್ತದೆ. ಜೀನ್ಸ್ ಬೇಡ. ಒಣಗಿದ ಅಂಗಿ, ಬೈರಾಸು, ಟಾರ್ಚು ಪ್ಲಾಸ್ಟಿಕ್ ಕವರಿನೊಳಗೆ ಇರಲಿ, ಆ ಕವರು ನಿನ್ನ ಜೊತೆಯೇ ವಾಪಸ್ ಬರಲಿ. ರಕ್ತ ಹೀರುವ ಉಂಬಳ ಹತ್ತಿದರೆ ಕಿರುಚಿ ಎಳೆಯಬೇಡ, ಅದರ ಬಾಯಿಯ ಅಡಿಗೆ ಉಗುರು ತೂರಿಸಿ ಬಿಡಿಸು.

ಇನ್ನೊಂದು ವಿಷಯ ಬಿಚ್ಚಿಯೇ ಹೇಳುತ್ತೇನೆ, ಗಂಡುಮಕ್ಕಳಿಗೂ ತಿಳಿಸು. ಹೊರಗೆ ಹೋಗಬೇಕಾದರೆ ನೀರಿನಿಂದ ಅರವತ್ತು ಮೀಟರಾದರೂ ದೂರ ಹೋಗಿ, ಗೇಣುದ್ದ ಗುಂಡಿ ತೋಡಿ, ಮಣ್ಣು ಮುಚ್ಚಬೇಕು. ಪ್ಯಾಡನ್ನು ಹೂಳಬಾರದು, ಪೇಪರಿನಲ್ಲಿ ಸುತ್ತಿ ಕವರಿಗೆ ಹಾಕಿ ಕೆಳಗೆ ತರಬೇಕು. ತೋಡಿನಲ್ಲಿ ಸೋಪು, ಶ್ಯಾಂಪೂ ಯಾವುದೂ ಬೇಡ. ಆ ಬೆಟ್ಟಸಾಲಿನಿಂದ ಇಳಿಯುವ ನೇತ್ರಾವತಿ ತುಂಬೆಯ ಅಣೆಕಟ್ಟಿಗೆ ಬಂದು ಮಂಗಳೂರಿನ ನಲ್ಲಿಯಲ್ಲಿ ಸುರಿಯುತ್ತದೆ, ನಿನ್ನ ದೊಡ್ಡಮ್ಮ ಅದೇ ನೀರಿನಲ್ಲಿ ಅನ್ನ ಮಾಡುತ್ತಾಳೆ. ನಮಗೆ ಬಜೆ ಅಣೆಕಟ್ಟಿನಿಂದ ಬರುವ ಸ್ವರ್ಣಾ ನದಿಯೂ ಘಟ್ಟದ್ದೇ ನೀರು. ಬೇಸಿಗೆಯಲ್ಲಿ ಬಜೆ ಬತ್ತಿದಾಗ ಕೊಡ ಹಿಡಿದು ಟ್ಯಾಂಕರ್ ಕಾದದ್ದು ನಿನಗೂ ನೆನಪಿರಬೇಕು.

ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ರಾತ್ರಿ ತಂಗಲು ಬಿಡುವುದಿಲ್ಲ. "ಒಳಗೇ ಜಾಗ ಮಾಡಿಕೊಡ್ತೇನೆ" ಅಂತ ಯಾರಾದರೂ ಆಸೆ ತೋರಿಸಿದರೆ ಹೋಗಬೇಡಿ. ತೋಟದಲ್ಲಿ ಟೆಂಟ್ ಹಾಕಿದಾಗ ಮನೆಯವರು ತೋರಿಸಿದ ಜಾಗದಲ್ಲಿ ಮಾತ್ರ ಬೆಂಕಿ ಹಾಕಿ, ಮಲಗುವ ಮೊದಲು ನೀರು ಸುರಿದು ಬೂದಿಯ ಮೇಲೆ ಅಂಗೈ ಹಿಡಿದು ನೋಡು. ಬಿಸಿ ತಾಗಿದರೆ ಇನ್ನೊಂದು ಕೊಡ ಸುರಿ. ಹಾಡು ನಿಮ್ಮ ಬಾಯಲ್ಲೇ ಇರಲಿ, ಸ್ಪೀಕರ್ ಬೆಂಗಳೂರಿನಲ್ಲೇ ಬಿಟ್ಟು ಬನ್ನಿ. ನೀವು ರಜೆಗೆ ಹೋಗುವ ಊರಿನಲ್ಲಿ ಅವರಿಗೆ ಬೆಳಿಗ್ಗೆ ಬೇಗ ಎದ್ದು ಹಾಲು ಕರೆಯುವುದಿದೆ.

ಬೆಟ್ಟದ ಮೇಲೆ ಸಿಗ್ನಲ್ ನಂಬುವ ಹಾಗಿಲ್ಲ. ಹತ್ತುವ ಮೊದಲು ಗೈಡಿನ ನಂಬರು ಮತ್ತು ಇಳಿಯುವ ಹೊತ್ತು ನನಗೆ ಕಳುಹಿಸು, ಇಳಿದ ಮೇಲೆ ಒಂದು ಮೆಸೇಜು. ತುರ್ತಿಗೆ 112. ಮಂಜು ಮುಚ್ಚಿ ದಾರಿ ತಪ್ಪಿತು ಅನಿಸಿದರೆ ಇದ್ದಲ್ಲೇ ಕುಳಿತುಕೊಂಡು ಸೀಟಿ ಊದಬೇಕು. ಮೂರು ಸಲ, ಸ್ವಲ್ಪ ಬಿಟ್ಟು ಮತ್ತೆ ಮೂರು ಸಲ. ಗಂಟಲು ಕಟ್ಟಿದರೂ ಉಸಿರು ಇರುತ್ತದೆ.

ಇವತ್ತು ಸಂಜೆ ರಥಬೀದಿಗೆ ಹೋಗಿ ಎರಡು ಸೀಟಿ ತಂದೆ. ಚಕ್ಕುಲಿ, ಪುನರ್ಪುಳಿ ಸಿಪ್ಪೆ, ಬೆಲ್ಲದ ಜೊತೆ ನಾಳೆಯ ಕೊರಿಯರಿನಲ್ಲಿ ಬರುತ್ತದೆ. ನೀಲಿ ದಾರದ್ದು ನಿನಗೆ. ಕೆಂಪು ದಾರದ್ದನ್ನು ಆ ಹುಡುಗಿಯ ಕೊರಳಿಗೆ ನೀನೇ ಹಾಕು. ಅವಳ ಬೂಟು ಹೊಸದಾದರೆ ಇವತ್ತಿನಿಂದಲೇ ಹಾಕಿ ಓಡಾಡಲು ಹೇಳು.

ನಿನ್ನ
ಅಮ್ಮ